ಕೆಟ್ಟ ಸುದ್ದಿ ಮೊದಲು ಹೇಳುವವರನ್ನು ಹುಡುಕಿಕೊಡುವ ಮೊಳೆಯಣ್ಣ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಬರೆದ ಈ ಕೈಗೆ ಮೊಳೆ ಹೊಡೆಯಬಹುದು. ಮೊಳೆಗೇನೂ ಬರವಿಲ್ಲ, ಮೊಳೆಯಣ್ಣನ ಬಾಯಲ್ಲೇ ಒಂದು ಹಿಡಿ ಇವೆ. ಬೆಳಗಿನ ಐದೂವರೆ ಗಂಟೆ. ವಿಮಾನ ನಿಲ್ದಾಣದ ಸರಕಿನ ಗೇಟಿನ ಎದುರು ಒಂದು ತಗಡಿನ ಶೆಡ್ಡು, ಅದರೊಳಗೆ ಒಂದೇ ಬಲ್ಬು. ಅದರಡಿ ಮಂಡಿಯೂರಿ ಕೂತ ಐವತ್ತೆಂಟರ ಈ ಬಡಗಿ ತುಟಿಯಿಂದ ಒಂದೊಂದೇ ಮೊಳೆ ಜಾರಿಸಿ, ಎರಡೇ ಏಟಿಗೆ ಹಲಗೆಯೊಳಗೆ ಇಳಿಸುತ್ತಾರೆ. ಮೂರನೇ ಏಟು ಹೊಡೆದರೆ ಹಲಗೆಗೆ ಅವಮಾನವಂತೆ.

ಮೂವತ್ತೊಂದು ವರ್ಷದಿಂದ ಇದೇ ಕೆಲಸ. ವಿಮಾನದಲ್ಲಿ ಪರದೇಶಕ್ಕೆ ಹೋಗುವ ಸಾಮಾನಿಗೆ ಮರದ ಪೆಟ್ಟಿಗೆ. ದಿನಕ್ಕೆ ಒಂಬತ್ತು ಪೆಟ್ಟಿಗೆ, ನಾನೂರು ಮೊಳೆ, ಏಳು ಲೋಟ ಟೀ. ಎಡಗೈ ಹೆಬ್ಬೆರಳು ಏಟು ತಿಂದು ತಿಂದು ಚಮಚದಂತೆ ಚಪ್ಪಟೆಯಾಗಿದೆ. ಒಮ್ಮೆ ಇವರ ಪೆಟ್ಟಿಗೆಯೊಂದು ಲಾರಿಯಿಂದ ಬಿತ್ತು. ಒಳಗಿದ್ದದ್ದು ಶ್ರುತಿ ತಪ್ಪಿದ ಹಳೇ ಪಿಯಾನೋ. ರಸ್ತೆ ಬಿರುಕು ಬಿಟ್ಟಿತು, ಪಿಯಾನೋ ಶ್ರುತಿಗೆ ಬಂತು. ಬಿರುಕು ಇವತ್ತಿಗೂ ಅಲ್ಲೇ ಇದೆ, ಹೋಗಿ ನೋಡಬಹುದು.

ಪೆಟ್ಟಿಗೆಯ ಮೇಲೆ ವಿಳಾಸ ಬರೆಯುವುದು ಅವರ ಹೆಂಡತಿ. ದುಂಡಗಿನ ಅಕ್ಷರ, ಚೂಪು ನಾಲಿಗೆ. "ಇವ್ರು ಹೊಡೆಯೋ ಮೊಳೆ ಎಲ್ಲಾ ದೇಶ ನೋಡ್ಕೊಂಡು ಬಂದಿದೆ, ಇವ್ರು ಮಾತ್ರ ಗೇಟು ದಾಟಿಲ್ಲ," ಅನ್ನುತ್ತಾರೆ.

ಆದರೆ ಮೊಳೆಯಣ್ಣನ ನಿಜವಾದ ಕೆಲಸ ಪೆಟ್ಟಿಗೆಯಲ್ಲ, ಅದಕ್ಕೆ ಬೋರ್ಡೂ ಇಲ್ಲ. ಎದುರಿನ ಓಣಿಯಲ್ಲಿ ಹನ್ನೆರಡು ಫಾರ್ವರ್ಡರ್ ಕಚೇರಿಗಳಿವೆ. ನಮ್ಮ ಸಾಮಾನು ತೆಗೆದುಕೊಂಡು, ವಿಮಾನದಲ್ಲಿ ಜಾಗ ಹಿಡಿದು, ಕಾಗದಪತ್ರ ಮಾಡಿ, ಆ ಕಡೆ ಒಪ್ಪಿಸುವವರು ಇವರು. ಹನ್ನೆರಡೂ ಗಾಜಿನ ಬಾಗಿಲು, ಹನ್ನೆರಡರ ಮೇಲೂ ಹಾರುವ ವಿಮಾನದ ಚಿತ್ರ. ಯಾರನ್ನು ನಂಬುವುದು? ಪೆಟ್ಟಿಗೆ ಮಾಡಿಸಲು ಬಂದವರೆಲ್ಲ ತಲೆ ಕೆರೆದುಕೊಂಡು ಕೇಳುವುದು ಇವರನ್ನೇ.

ಇವತ್ತು ಬಂದಿರುವುದು ಜೇನು ಸಾಕುವ ಹೆಂಗಸು. ಕಣ್ಣಿಗೆ ನಿದ್ದೆಯಿಲ್ಲ. ನಲವತ್ತು ರಾಣಿಜೇನು ಕಳಿಸಬೇಕು. ಬೆಂಕಿಪೊಟ್ಟಣದಷ್ಟು ಗೂಡಿನಲ್ಲಿ ಒಂದೊಂದು ರಾಣಿ, ಸೇವೆಗೆ ಆರಾರು ಕೆಲಸಗಾರ ಹುಳು, ದಾರಿಗೆ ಸಕ್ಕರೆ ಉಂಡೆ. ಆರು ದಿನದೊಳಗೆ ಮುಟ್ಟಬೇಕು. ಹೋದ ವರ್ಷ ಕಳಿಸಿದ ನಲವತ್ತೂ ಯಾವುದೋ ನಡುದಾರಿಯ ನಿಲ್ದಾಣದಲ್ಲಿ ಬಿಸಿಲಿಗೆ ಬೆಂದು ಸತ್ತವು.

"ಸತ್ತಿದ್ದಕ್ಕಿಂತ ಹೆಚ್ಚು ಉರಿದಿದ್ದು ಇನ್ನೊಂದಣ್ಣ. ಮೂರು ದಿನ ಫೋನ್ ಮಾಡಿದಾಗೆಲ್ಲ 'ದಾರಿಲಿದೆ ಮೇಡಂ' ಅಂತಿದ್ರು. ಈ ಸಲನೂ ಹಾಗಾದ್ರೆ ಆ ಕಡೆಯವರು ನನ್ನ ಕೈಬಿಡ್ತಾರೆ. ಹದಿನೈದು ವರ್ಷ ಸಾಕಿದ ತಳಿ ನನ್ನ ಗೂಡಲ್ಲೇ ಮುಗಿಯುತ್ತೆ."

ಮೊಳೆಯಣ್ಣ ಬಾಯಿಂದ ಮೊಳೆಗಳನ್ನೆಲ್ಲ ತೆಗೆದು ಡಬ್ಬಿಗೆ ಹಾಕುತ್ತಾರೆ. ಹಾಗೆ ಮಾಡಿದರೆ ಗಂಭೀರ ವಿಷಯ ಎಂದು ಅರ್ಥ. ಆಕೆಯ ಫೋನಿನಲ್ಲಿ ಮೂರು ಕಚೇರಿಗಳ ನಂಬರಿದೆ. ಮೊಳೆಯಣ್ಣನ ಪ್ರಕಾರ ಕಚೇರಿ ಬಾಗಿಲು ತೆಗೆಯುವ ಮೊದಲೇ, ಸಿಹಿಮಾತು ಸಿದ್ಧವಾಗುವ ಮುಂಚೆ ಫೋನ್ ಮಾಡಬೇಕು, ಸ್ಪೀಕರಿನಲ್ಲಿ ಇಡಬೇಕು, ಕೇಳುವುದು ಒಂದೇ ಪ್ರಶ್ನೆ: "ನೀವು ಕೆಡಿಸಿದ ಒಂದು ಸಾಗಣೆ ಹೇಳಿ."

ಮೊದಲನೆಯವನು ನಗುತ್ತಾನೆ. "ನಮ್ಮಲ್ಲಿ ಕೆಡೋ ಮಾತೇ ಇಲ್ಲ ಮೇಡಂ, ನೂರಕ್ಕೆ ನೂರು."

"ಇಡಮ್ಮ ಫೋನು," ಅನ್ನುತ್ತಾರೆ ಮೊಳೆಯಣ್ಣ. "ಇವನು ಒಂದೋ ನಿನ್ನೆ ಅಂಗಡಿ ತೆಗೆದಿದಾನೆ, ಇಲ್ಲ ಇವತ್ತು ಸುಳ್ಳು ಹೇಳ್ತಿದಾನೆ."

ಎರಡನೆಯವನು ವಿಮಾನದವರನ್ನು, ಹವಾಮಾನವನ್ನು, ಕಸ್ಟಮ್ಸನ್ನು, ಕೊನೆಗೆ ಗಿರಾಕಿಯನ್ನೂ ಬೈಯುತ್ತಾನೆ. ತಾನೊಬ್ಬನೇ ಒಳ್ಳೆಯವನು.

ಮೂರನೆಯದರಲ್ಲಿ ನೆಗಡಿಯಾದ ಹೆಣ್ಣುದನಿ. ಒಮ್ಮೆ ಸೀನಿ, "ಎರಡು ತಿಂಗಳ ಹಿಂದೆ ಬಣ್ಣದ ಮೀನು. ವಿಮಾನ ಬದಲಾಯಿಸೋ ಕಡೆ ಬಿಸಿಲಲ್ಲಿಟ್ಟು ಸಾಯಿಸಿದ್ವಿ. ತಪ್ಪು ನಮ್ದೇ, ನೆರಳಲ್ಲಿಡಿ ಅಂತ ಮೊದಲೇ ಬರೆದು ಕಳಿಸಿರ್ಲಿಲ್ಲ. ಈಗ ಜೀವ ಇರೋ ಸಾಮಾನು ಇಳಿಯೋ ಹೊತ್ತಿಗೆ ಅಲ್ಲಿ ನಮ್ಮ ಮನುಷ್ಯ ನಿಂತಿರ್ತಾನೆ. ನಿಮ್ಮದೇನು, ಮೀನಾ?" ಎಂದು ಕೇಳುತ್ತಾಳೆ.

"ಜೇನು," ಎನ್ನುತ್ತಲೇ ಜೇನಿನಾಕೆ ಸಾಗಿಸುವ ಕೆಲಸವನ್ನು ಅವಳಿಗೇ ಒಪ್ಪಿಸುತ್ತಾಳೆ.

ಆದರೆ ಆಕೆಯೂ ಘಾಟಿ. ಫೋನು ಇಟ್ಟವಳೇ ತಿರುಗುತ್ತಾಳೆ. "ಸರಿ ಅಣ್ಣ, ಪೆಟ್ಟಿಗೆ ನಿಮ್ದು ತಾನೆ? ನೀವು ಕೆಡಿಸಿದ್ದು ಯಾವ್ದು?"

ವಿಳಾಸ ಬರೆಯುತ್ತಿದ್ದ ಹೆಂಡತಿಯ ಕುಂಚ ನಿಲ್ಲುತ್ತದೆ. "ಹೇಳ್ರೀ, ಈಗ ಹೇಳಿ!"

ಮೊಳೆಯಣ್ಣ ಚಪ್ಪಟೆ ಹೆಬ್ಬೆರಳನ್ನು ಉಜ್ಜುತ್ತಾ ಹೇಳುತ್ತಾರೆ. ಪರದೇಶಕ್ಕೆ ಹೋಗುವ ಮರವನ್ನು ಹುಳ ಸಾಯುವಂತೆ ಕಾಯಿಸಿ ಮುದ್ರೆ ಒತ್ತಿಸಬೇಕು. ಹತ್ತು ವರ್ಷದ ಹಿಂದೆ ಕಾಯಿಸಿದ ಹಲಗೆ ಮುಗಿದಿತ್ತು. ಒಂದೇ ಒಂದು ಹಸಿ ಹಲಗೆಯನ್ನು ತಳಕ್ಕೆ ಹಾಕಿ, ಯಾರು ಮಗುಚಿ ನೋಡುತ್ತಾರೆ ಎಂದು ಕಳಿಸಿಬಿಟ್ಟರು. ಆ ಕಡೆಯವರು ಮಗುಚಿ ನೋಡಿದರು. ಆಸ್ಪತ್ರೆಯೊಂದರ ಯಂತ್ರ ಹದಿನೆಂಟು ದಿನ ಗೋದಾಮಿನಲ್ಲಿ ಕೊಳೆಯಿತು.

"ಯಾರಿಗೂ ಗೊತ್ತಾಗ್ಲಿಲ್ಲ ಕಣಮ್ಮ ಅದು ನಂದು ಅಂತ. ನಾಲ್ಕು ದಿನ ಬಾಯಲ್ಲಿ ಮೊಳೆ ಇಟ್ಕೊಂಡು ಸುಮ್ನಿದ್ದೆ. ಐದನೇ ದಿನ ನಾನೇ ಹೋಗಿ ಹೇಳ್ದೆ. ಮೊದಲನೇ ದಿನವೇ ಹೇಳಿದ್ರೆ ಬೇರೆ ಪೆಟ್ಟಿಗೆ ಕಳಿಸಿ ಬಿಡಿಸ್ಕೋಬಹುದಿತ್ತಂತೆ. ಆವತ್ತು ಗೊತ್ತಾಯ್ತು. ತಪ್ಪು ಮಾಡದೋನು ಅಂತ ಯಾರೂ ಇಲ್ಲ. ಬೇಗ ಹೇಳೋನು, ತಡವಾಗಿ ಹೇಳೋನು, ಇಷ್ಟೇ ಲೆಕ್ಕ."

ಜೇನಿನಾಕೆ ತಾನೇ ಒಂದು ಹಲಗೆ ಎತ್ತಿ, ಮುದ್ರೆ ಇದೆಯೇ ಎಂದು ತಿರುಗಿಸಿ ನೋಡಿ, ಅವರ ಮುಂದಿಡುತ್ತಾಳೆ. ಎಂಟು ಗಂಟೆಗೆ ಪೆಟ್ಟಿಗೆ ಸಿದ್ಧ. ಸುತ್ತ ಗಾಳಿಯಾಡುವ ತೂತು, ಒಳಗೆ ಜಾಲರಿ. ಮಧ್ಯಾಹ್ನದ ವಿಮಾನಕ್ಕೆ ರಾಣಿಯರು ಹೊರಡುತ್ತಾರೆ.

ಮಾರನೆಯ ಬೆಳಿಗ್ಗೆ ಆರಕ್ಕೆ ಆಕೆ ಫೋನು ಹಿಡಿದು ಓಡಿಬರುತ್ತಾಳೆ. ನೆಗಡಿಯ ಹೆಣ್ಣುಮಗಳೇ ಫೋನ್ ಮಾಡಿದ್ದಾಳೆ: ನಡುದಾರಿಯಲ್ಲಿ ಮುಂದಿನ ವಿಮಾನ ತಪ್ಪಿದೆ, ರಾಣಿಯರು ತಂಪು ಕೋಣೆಯಲ್ಲಿದ್ದಾರೆ, ಎರಡು ದಿನ ತಡ. ಆ ಕಡೆಯವರಿಗೂ ಹೇಳಿಯಾಗಿದೆ. ಜೇನಿನಾಕೆಯ ಮುಖದಲ್ಲಿ ಅಳು, ನಗು ಎರಡೂ. "ನಾನು ಕೇಳೋಕೆ ಮೊದ್ಲೇ ಹೇಳಿದ್ಲಣ್ಣ!"

ಐದನೇ ದಿನ ಮುಟ್ಟಿದ ಸುದ್ದಿ ಬರುತ್ತದೆ. ನಲವತ್ತರಲ್ಲಿ ಮೂವತ್ತೆಂಟು ಬದುಕಿವೆ. ಶೆಡ್ಡಿನಲ್ಲಿ ಸಂಭ್ರಮ, ಹೆಂಡತಿ ಎಲ್ಲರಿಗೂ ಟೀ ಸುರಿಯುತ್ತಿದ್ದಾರೆ. ಮೊಳೆಯಣ್ಣ ಮಾತ್ರ ಲೋಟ ಮುಟ್ಟದೆ ಕೇಳುತ್ತಾರೆ, "ಆ ಎರಡು ಎಲ್ಲಿದ್ವು?"

ಮೂಲೆಯಲ್ಲಿದ್ದವಂತೆ. ಮೂಲೆಗೆ ತೂತು ಕೊರೆದಿರಲಿಲ್ಲ.

"ಹಾಗಾದ್ರೆ ಅವೆರಡು ನನ್ನ ಕೈಯಲ್ಲಿ ಹೋದವು. ಆ ಕಡೆಯವರಿಗೆ ಈಗ್ಲೇ ಹೇಳಮ್ಮ, ವಿಮಾನದ್ದಲ್ಲ, ಬಡಗಿದು ಅಂತ."

ಈಗ ಅವರು ಮಾಡುವ ಜೇನುಪೆಟ್ಟಿಗೆಗಳಿಗೆಲ್ಲ ಮೂಲೆಗೆ ಮೂರು ತೂತು. ಫೋಟೋ ತೆಗೆಯಲು ಹೋದರೆ ಆ ಮೂಲೆಯನ್ನೇ ಮುಂದೆ ಹಿಡಿದು ನಿಲ್ಲುತ್ತಾರೆ.

ಅವರ ಶೆಡ್ಡಿನ ವಿಳಾಸ ಬೇಕೆನ್ನುವವರು ಈ ಪತ್ರಿಕೆಗೆ ಬರೆಯಬಹುದು, ಖಂಡಿತ ಕೊಡಲಾಗುವುದು. ಷರತ್ತು ಒಂದೇ: ಕಾಗದದ ಮೊದಲ ಸಾಲಿನಲ್ಲಿ, ನೀವು ಕೆಡಿಸಿ ಇನ್ನೂ ಯಾರಿಗೂ ಹೇಳದ ಒಂದು ಕೆಲಸ ಯಾವುದು ಎಂದು ಬರೆದಿರಬೇಕು. ಅಂಥದ್ದು ಒಂದೂ ಇಲ್ಲ ಎನ್ನುವವರು ಅಂಚೆಚೀಟಿ ದಂಡ ಮಾಡುವುದು ಬೇಡ.