ಮೂರನೇ ಸೀಡಿ

ಇದು 2009ರಲ್ಲಿ ನಡೆದದ್ದು ಎಂದು ಬರೆಯಲು ಕುಳಿತೆ. ಮೊದಲ ಸಾಲು ಬರೆದ ಕೂಡಲೇ ಅನುಮಾನ ಬಂತು. 2010 ಕೂಡ ಇರಬಹುದು. ಗುರುವಾರ ಎಂಬುದು ಮಾತ್ರ ಗಟ್ಟಿ, ಯಾಕೆಂದರೆ ಅಶ್ವಿನಿ ಮೇಡಂ ನಿಪ್ಪಾಣಿಗೆ ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ, ಗುರುವಾರ ಮಾತ್ರ. ಉಳಿದದ್ದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಹೇಳುತ್ತ ಹೇಳುತ್ತ ಸೇರಿಸಿಕೊಂಡದ್ದು ಎಂದು ನನಗೇ ಗೊತ್ತಿಲ್ಲ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಇದನ್ನು ಹಲವು ಸಲ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಅದು ಸ್ವಲ್ಪ ಸ್ವಲ್ಪ ಚೆಂದವಾಗುತ್ತ ಬಂದಿದೆ. ನನ್ನ ಸಂಶಯಕ್ಕೆ ಅದೇ ಕಾರಣ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುವಾಗ, ಒಂದೇ ಅಳತೆಯನ್ನು ನಂಬಬೇಡಿ, ಮತ್ತೆ ಮತ್ತೆ ಅಳೆಯಿರಿ ಎಂದು ಕಲಿಸಿದ್ದರು. ನೆನಪಿಗೆ ಈ ಪಾಠ ಒಗ್ಗುವುದಿಲ್ಲ. ಅಳೆದಷ್ಟು ಸಲವೂ ಅದು ಬದಲಾಗುತ್ತದೆ.

ಆಗ ನಾನು ಚಿಕ್ಕೋಡಿಯಿಂದ ದಿನವೂ ಬಸ್ಸಿನಲ್ಲಿ ನಿಪ್ಪಾಣಿಗೆ ಹೋಗಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಪಿಎಚ್.ಡಿ. ಅರ್ಧಕ್ಕೆ ಬಿಟ್ಟಿದ್ದೆ. ಎರಡು ಕೆಲಸ ಹಿಡಿದು ಎರಡನ್ನೂ ಬಿಟ್ಟಿದ್ದೆ. ನಮ್ಮ ಕ್ಲಾಸು ಒಂದು ಮೆಡಿಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಪಕ್ಕದ ಕೋಣೆ ಅಶ್ವಿನಿ ಮೇಡಂ ಅವರದು. ಅವರು ಕೊಲ್ಲಾಪುರದವರು. ಕಿವಿ ಪರೀಕ್ಷೆ ಮಾಡಿ, ಕೇಳದವರಿಗೆ ಕಿವಿ ಮಷಿನ್ ಹೊಂದಿಸಿ ಕೊಡುತ್ತಿದ್ದರು. ಅದು ತಂದು ಹಾಕಿಕೊಂಡರೆ ಮುಗಿಯುವ ವಸ್ತುವಲ್ಲ. ಯಾರಿಗೆ ಯಾವ ಸದ್ದು ಎಷ್ಟು ಕಡಿಮೆ ಕೇಳುತ್ತದೆ ಎಂದು ನೋಡಿ, ಮಷಿನನ್ನು ವಯರಿನಿಂದ ಕಂಪ್ಯೂಟರಿಗೆ ಜೋಡಿಸಿ, ಅವರವರ ಕಿವಿಗೆ ತಕ್ಕಂತೆ ಸೆಟ್ ಮಾಡಬೇಕಾಗುತ್ತದೆ.

ಆ ಗುರುವಾರ ಹತ್ತೂವರೆಗೆ ಮೇಡಂ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಸರ್, ಜರಾ ಬರ್ತೀರೇನು? ಪೇಶಂಟ್ ಬಂದ್ ಕುಂತಾರ, ನಂದು ಪ್ರೋಗ್ರಾಮ್ ಚಾಲೂನೇ ಆಗವಲ್ದು."

ಅವರ ಹಳೆಯ ಕಂಪ್ಯೂಟರ್ ಹಿಂದಿನ ಸಲ ಬಂದಾಗ ವೋಲ್ಟೇಜ್ ಹೆಚ್ಚಾಗಿ ಸುಟ್ಟಿತ್ತು. ಕಂಪ್ಯೂಟರ್ ಅಂಗಡಿಯವರು ಹೊಸದನ್ನು ತಂದಿಟ್ಟು ಹೋಗಿದ್ದರು. ಅದರಲ್ಲಿದ್ದದ್ದು ಹೊಸ ವಿಂಡೋಸ್. ಮೇಡಂ ಅವರ ಪ್ರೋಗ್ರಾಮ್ ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುತ್ತಿತ್ತು. "ಇದನ್ನ ತಗದು ಎಕ್ಸ್‌ಪಿ ಹಾಕಿ ಕೊಡ್ತೀನ್ರಿ. ತಾಸಿನ್ಯಾಗ ಮುಗೀತೈತಿ" ಎಂದೆ. ಆ ಧೈರ್ಯ ಎಲ್ಲಿಂದ ಬಂದಿತ್ತೋ.

ಎಕ್ಸ್‌ಪಿ ಸೀಡಿ ಹಾಕಿದೆ. ನೀಲಿ ಪರದೆ ಬಂತು. ಅಕ್ಷರಗಳು ಓಡಿದವು. ಕೊನೆಗೆ ನಿಂತ ಸಂದೇಶದ ಅರ್ಥ ಇಷ್ಟೇ: ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕೇ ಇಲ್ಲ. ಡಬ್ಬಿಯ ಸ್ಕ್ರೂ ಬಿಚ್ಚಿ ನೋಡಿದೆ. ಹಾರ್ಡ್ ಡಿಸ್ಕ್ ಹೊಚ್ಚ ಹೊಸದಾಗಿ ಒಳಗೆ ಕುಳಿತಿತ್ತು.

ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಒಂದು ದನಿ, ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗುವಂಥ ದನಿ, ಕೇಳಿತು.

"ಏನಂತೈತ್ರಿ ಅದು?"

ಬೆಚ್ಚಿ ತಿರುಗಿದೆ. ಪೇಶಂಟಿನ ಜೊತೆ ಭೋಜ ಎಂಬ ಹಳ್ಳಿಯಿಂದ ಬಂದಿದ್ದ ಅಕ್ಕಾತಾಯಿ. ಅರವತ್ತರ ಹತ್ತಿರದ ವಯಸ್ಸು, ಕಚ್ಚೆ ಸೀರೆ.

"ಡಿಸ್ಕ್ ಇಲ್ಲ ಅಂತೈತ್ರಿ ಮಾವಶಿ."

"ಈಗರೆ ಬಿಚ್ಚಿ ನೋಡಿದ್ರಲ್ಲ, ಒಳಗ ಐತಿ ಅಂದ್ರಿ?"

"ಐತ್ರಿ. ಆದ್ರ ಸೀಡಿಗೆ ಅದರ ಗುರ್ತ ಸಿಗವಲ್ದು. ಸೀಡಿ ಹಳೇದು, ಡಿಸ್ಕ್ ಹೊಸಾದು."

"ಹಂಗಾರ ಗುರ್ತ ಹೇಳ್ರಿ ಅದಕ್ಕ! ಸುಮ್ಕ ಯಾಕ ಕುಂತೀರಿ?"

ಆಕೆ ಹೇಳಿದ್ದೇ ಸರಿ. ಗುರುತು ಹೇಳುವ ಆ ಚಿಕ್ಕ ಪ್ರೋಗ್ರಾಮಿಗೇ ಡ್ರೈವರ್ ಎನ್ನುತ್ತಾರೆ. ಎಕ್ಸ್‌ಪಿ ಸೀಡಿ ತಯಾರಾದಾಗ ಈ ಬಗೆಯ ಡಿಸ್ಕ್ ಬಳಕೆಗೆ ಬಂದಿರಲಿಲ್ಲ, ಹಾಗಾಗಿ ಅದರ ಡ್ರೈವರ್ ಸೀಡಿಯಲ್ಲಿ ಇರಲಿಲ್ಲ. ಫ್ಲಾಪಿಯಿಂದ ಕೊಡಬಹುದಿತ್ತು. ಆದರೆ ಹೊಸ ಡಬ್ಬಿಯಲ್ಲಿ ಫ್ಲಾಪಿ ಹಾಕುವ ಜಾಗವೇ ಇರಲಿಲ್ಲ. ಉಳಿದದ್ದು ಒಂದೇ ದಾರಿ. ಹಳೆ ಸೀಡಿಯಲ್ಲಿ ಇರುವುದನ್ನೆಲ್ಲ ನಮ್ಮ ಕ್ಲಾಸಿನ ಕಂಪ್ಯೂಟರಿನ ಒಂದು ಫೋಲ್ಡರಿಗೆ ಇಳಿಸಿ, ಅದರೊಳಗೆ ಡ್ರೈವರ್ ಸೇರಿಸಿ, ಎಲ್ಲವನ್ನೂ ಖಾಲಿ ಸೀಡಿಗೆ ಮತ್ತೆ ಬರೆಯಬೇಕು. ಹೀಗೆ ಮಾಡಬಹುದೆಂದು ಓದಿದ್ದೆ. ಮಾಡಿರಲಿಲ್ಲ.

"ಮುಂದಿನ ಸರತಿಗೆ ಮಾಡೋಣೇನ್ರಿ?" ಎಂದು ಮೇಡಂ ಅವರನ್ನು ಕೇಳಿದೆ.

ಅವರು ಬೆಂಚಿನ ಕಡೆ ನೋಡಿದರು. ಅಲ್ಲಿ ಅಕ್ಕಾತಾಯಿಯ ಸೊಸೆ ಸುಮಿತ್ರಾ ಕುಳಿತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ತುಂಬು ಬಸುರಿ, ಎರಡೂ ಕೈ ತುಂಬ ಹಸಿರು ಬಳೆ. ಮದುವೆಯಾದ ವರ್ಷವೇ ದೊಡ್ಡ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತ ಕುಳಿತಿದ್ದಳು.

"ಮೊನ್ನಿ ಕುಬಸ ಆತ್ರಿ" ಎಂದು ಸೀಮಂತದ ಸುದ್ದಿ ಹೇಳಿದರು ಅಕ್ಕಾತಾಯಿ. "ನಾಳಿಗಿ ಅವ್ರಣ್ಣ ಬರ್ತಾನ ಕರಕೊಂಡ ಹೋಗಾಕ, ರಾಯಬಾಗ ಕಡೆ. ಚೊಚ್ಚಲ ಬಾಣಂತನ, ತವರಾಗ ಆಗ್ಬೇಕ್ರಿ. ಆದ್ರ ಅವ್ರವ್ವ ಇಲ್ಲ. ಅಣ್ಣ, ವೈನಿ ಇಬ್ರೂ ಹೊಲಕ್ಕ ಹೋಗೋರು. ಇಲ್ಲಿದ್ರ ಕೂಸ ಅತ್ತಾಗ ನಾ ಎಬ್ಬಸ್ತಿದ್ನಿ. ಅಲ್ಲಿ ಯಾರ ಎಬ್ಬಸ್ತಾರ್ರಿ? ಕೂಸ ಅತ್ತತ್ತ ಸೊರಗಿ ಹೋದ್ರೂ ಈಕೀಗಿ ಗೊತ್ತಾಗಾಂಗಿಲ್ಲ."

ಇಷ್ಟನ್ನೂ ಆಕೆ ಕೂಗಿಯೇ ಹೇಳಿದರು. ಕೆಳಗಿನಿಂದ ಮೆಡಿಕಲ್ ಅಂಗಡಿಯವರು ಮೆಟ್ಟಿಲು ಹತ್ತಿ ಬಂದು, "ಮ್ಯಾಲ ಏನರೆ ಜಗಳ ನಡದೈತೇನ್ರಿ?" ಎಂದು ಇಣುಕಿ ಹೋದರು.

ಮೇಡಂ ನಕ್ಕು, "ಮಾವಶಿ, ಮಷಿನ್ ಹಾಕಿದ ಮ್ಯಾಲ ಹಿಂಗ ಒದರಬ್ಯಾಡ್ರಿ. ಆಕೀಗಿ ತ್ರಾಸ ಆಗ್ತೈತಿ" ಎಂದರು.

"ನಾ ಎಲ್ಲಿ ಒದರಾಕತ್ತೀನ್ರಿ?" ಎಂದು ಅಕ್ಕಾತಾಯಿ ಒದರಿದರು.

ಮೂರು ವರ್ಷ ಕೇಳದ ಸೊಸೆಯ ಜೊತೆ ಮಾತಾಡಿ ಮಾತಾಡಿ ಆ ಮನೆಯವರಿಗೆಲ್ಲ ಅದೇ ದನಿ ರೂಢಿಯಾಗಿತ್ತು. ಸಣ್ಣಗೆ ಮಾತಾಡುವುದನ್ನೇ ಅವರು ಮರೆತಿದ್ದರು.

ಮೊದಲನೇ ಸೀಡಿ ಹನ್ನೆರಡಕ್ಕೆ ತಯಾರಾಯಿತು. ಹಾಕಿದೆ. ಅದೇ ನೀಲಿ ಪರದೆ, ಅದೇ ಸಂದೇಶ. ಡ್ರೈವರ್ ಸೀಡಿಯಲ್ಲಿತ್ತು, ನಾನೇ ಸೇರಿಸಿದ್ದೆ. ಆದರೂ ಡಿಸ್ಕ್ ಇಲ್ಲ ಎನ್ನುತ್ತಿತ್ತು. ತಪ್ಪು ಎಲ್ಲಿ ಎಂದು ಹುಡುಕುತ್ತ ಕುಳಿತಾಗ ಸುಮಿತ್ರಾ ಎದ್ದು ಬಂದು ಪಕ್ಕದಲ್ಲಿ ನಿಂತಳು. ಏರಿಳಿತವಿಲ್ಲದ ದನಿಯಲ್ಲಿ, "ಆಗ್ತೈತೇನ್ರಿ?" ಎಂದಳು. ನಾನು ಹೂಂ ಎಂದು ತಲೆಯಾಡಿಸಿದೆ. ಆ ಹೊತ್ತಿಗೆ ಅದು ಸುಳ್ಳು.

ತಪ್ಪು ಸಿಕ್ಕಿತು. ಎಕ್ಸ್‌ಪಿ ಪೂರ್ತಿ ಹಾಕಿ ಮುಗಿದ ಮೇಲೆ ಎಚ್ಚರಾಗುವ ಡ್ರೈವರುಗಳ ಸಾಲಿನಲ್ಲಿ, ಸೌಂಡು ಪ್ರಿಂಟರುಗಳ ಜೊತೆ, ಇದನ್ನೂ ಇಟ್ಟುಬಿಟ್ಟಿದ್ದೆ. ಇದು ಬೇಕಿದ್ದದ್ದು ಮೊಟ್ಟಮೊದಲ ನೀಲಿ ಪರದೆಯಲ್ಲೇ. ಸರಿಪಡಿಸಿ ಎರಡನೇ ಸೀಡಿ ಬರೆಯಲು ಹಚ್ಚಿದೆ. ಮುಕ್ಕಾಲು ಪಾಲು ಮುಗಿದಿತ್ತು, ಕರೆಂಟ್ ಹೋಯಿತು. ಯುಪಿಎಸ್ ಎರಡು ಸಲ ಚೀರಿ ಸುಮ್ಮನಾಯಿತು. ಸೀಡಿ ಹಾಳು.

ಕರೆಂಟ್ ಬರುವ ತನಕ ಕಾಯದೆ ಗತಿಯಿರಲಿಲ್ಲ. ಅಕ್ಕಾತಾಯಿ ರೊಟ್ಟಿಯ ಗಂಟು ಬಿಚ್ಚಿದರು. "ಹೊಟ್ಟ್ಯಾಗ ಏನೂ ಇಲ್ಲಂದ್ರ ತಲಿ ಹೆಂಗ ಓಡಬೇಕು?" ಎಂದು ನನ್ನ ಕೈಗೆ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಇಟ್ಟರು. ಸುಮಿತ್ರಾ ಒಂದು ತುತ್ತು ಮುರಿದು ಹಾಗೇ ಕೈಯಲ್ಲಿ ಹಿಡಿದು ಕುಳಿತಳು, ತಿನ್ನಲಿಲ್ಲ. ಊಟದ ನಡುವೆ ಅಕ್ಕಾತಾಯಿ ನನ್ನ ಕಡೆ ಬಗ್ಗಿ, "ಮಾಸ್ತರ, ಈಗ ಹೆಂಗ ಕೇಳಸ್ತು?" ಎಂದರು.

"ಜೋರ ಆತ್ರಿ."

"ಈಗ?"

"ಇನ್ನೂ ಸಣ್ಣಗ."

"ಈಗ?"

"ಇನ್ನೂ."

"ಇದಕ್ಕಿಂತ ಸಣ್ಣಗ ಮಾತಾಡಿದ್ರ ಗುಟ್ಟು ಹೇಳಿದಂಗ ಆಕ್ಕೈತ್ರಿ!" ಎಂದು ಮತ್ತೆ ಕೂಗಿದರು. ಆದರೂ ಬಿಡಲಿಲ್ಲ. ಕರೆಂಟ್ ಬರುವ ತನಕ ಬಾಗಿಲ ಬಳಿ ಗೋಡೆಗೆ ಮುಖ ಮಾಡಿ ನಿಂತು, ತಮ್ಮಷ್ಟಕ್ಕೆ ಏನೋ ಅಂದು ಅಂದು ರೂಢಿ ಮಾಡುತ್ತಿದ್ದರು.

ಎರಡು ಗಂಟೆಯ ಮೇಲೆ ಕರೆಂಟ್ ಬಂತು. ಮೂರನೇ ಸೀಡಿ. ನೀಲಿ ಪರದೆ ಬಂತು, ಅಕ್ಷರ ಓಡಿದವು. ಈ ಸಲ ಡಿಸ್ಕಿನ ಅಳತೆ ಪರದೆಯ ಮೇಲೆ ಮೂಡಿತು. ನಾನು ಏನು ಕೂಗಿದೆನೋ ನೆನಪಿಲ್ಲ. ಮೆಡಿಕಲ್ಲಿನವರು ಮತ್ತೊಮ್ಮೆ ಮೇಲೆ ಬಂದದ್ದು ನೆನಪಿದೆ. ಆಮೇಲೆ ಇನ್ನು ಮೂವತ್ತೊಂಬತ್ತು ನಿಮಿಷ ಎಂದು ತೋರಿಸುವ ಪರದೆ. ಆ ಮೂವತ್ತೊಂಬತ್ತು ಎಷ್ಟು ಹೊತ್ತಾದರೂ ಮೂವತ್ತೆಂಟು ಆಗುವುದಿಲ್ಲ, ಎಕ್ಸ್‌ಪಿ ಹಾಕಿದವರಿಗೆಲ್ಲ ಗೊತ್ತು. ಐದೂವರೆಗೆ ಮೇಡಂ ಅವರ ಬಸ್ಸು. ಅವರ ಪ್ರೋಗ್ರಾಮ್ ತೆರೆದುಕೊಂಡಾಗ ನಾಲ್ಕು ದಾಟಿತ್ತು.

ಮೇಡಂ ಮಷಿನನ್ನು ಸುಮಿತ್ರಾಳ ಕಿವಿಗೆ ಸಿಕ್ಕಿಸಿ, ವಯರ್ ಜೋಡಿಸಿ, ಪರದೆಯ ಮೇಲಿನ ಗೆರೆಗಳನ್ನು ಒಂದೊಂದಾಗಿ ಏರಿಸಿದರು. ಇಳಿಸಿದರು. ಆಮೇಲೆ ಅಕ್ಕಾತಾಯಿಯ ಕಡೆ ತಿರುಗಿ, "ಮಾತಾಡ್ರಿ ಈಗ" ಎಂದರು.

ಅಕ್ಕಾತಾಯಿ ಎದ್ದು ನಿಂತರು. "ಸುಮೀ!" ಎಂದು ಕೂಗಿಯೇ ಬಿಟ್ಟರು.

ಸುಮಿತ್ರಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮುದುಡಿದಳು. ಕಣ್ಣಿಂದ ನೀರು ಬಂತು. ಅಕ್ಕಾತಾಯಿ ಗಾಬರಿಯಾಗಿ, "ತಗೀರಿ ಅದನ್ನ, ಹುಡಿಗೀಗಿ ಏನ ಮಾಡಿದ್ರಿ!" ಎಂದು ಇನ್ನೂ ಜೋರಾಗಿ ಕೂಗತೊಡಗಿದರು. ಮೇಡಂ ಆಕೆಯ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಸುಮಿತ್ರಾ ನಿಧಾನವಾಗಿ ಕೈ ತೆಗೆದಳು. ಆಗ ಅಕ್ಕಾತಾಯಿ ಸೊಸೆಯ ಕಡೆ ಬಗ್ಗಿ, ಇಡೀ ಮಧ್ಯಾಹ್ನ ಗೋಡೆಯ ಮುಂದೆ ರೂಢಿ ಮಾಡಿದ್ದ ದನಿಯಲ್ಲಿ, "ಹಸಿವಾಗೇತೇನ?" ಎಂದರು.

"ಹೂಂ, ಅತ್ತಿ" ಎಂದಳು ಸುಮಿತ್ರಾ.

ನಾನು ಎಲ್ಲೆಡೆ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ, ನನ್ನದೂ. ಆದರೆ ಕೆಲವು ವರ್ಷದ ಮೇಲೆ ಅಶ್ವಿನಿ ಮೇಡಂ ಸಿಕ್ಕಾಗ ಅವರು ಬೇರೆಯೇ ಹೇಳಿದರು. ಅಕ್ಕಾತಾಯಿ ಕೇಳಿದ್ದು ಮರಾಠಿಯಲ್ಲಿ, ಅದೂ ಊಟದ ವಿಷಯವಲ್ಲ, ನೋವಾಯಿತೇ ಎಂದು. ನನ್ನ ನೆನಪಿನಲ್ಲಿ ಆಕೆ ಕನ್ನಡ ಆಡಿದ್ದಾರೆ, ಮೇಡಂ ನೆನಪಿನಲ್ಲಿ ಮರಾಠಿ. ಭೋಜದವರು ಎರಡನ್ನೂ ಆಡುತ್ತಾರೆ, ಹಾಗಾಗಿ ಇಬ್ಬರಲ್ಲಿ ಯಾರ ಮಾತನ್ನೂ ಸುಳ್ಳು ಎನ್ನಲು ಬರುವುದಿಲ್ಲ. ಇನ್ನೊಂದು ಸಂಶಯ ಇದಕ್ಕಿಂತ ದೊಡ್ಡದು. ಸುಮಿತ್ರಾ ಅತ್ತೆಯ ಮುಖಕ್ಕೆ ಮುಖ ಕೊಟ್ಟು ಕುಳಿತಿದ್ದಳು. ಮೂರು ವರ್ಷ ತುಟಿ ನೋಡಿಯೇ ಮಾತು ತಿಳಿದುಕೊಂಡವಳು. ಆ ಮೆಲುಮಾತನ್ನು ಅವಳು ಕೇಳಿದಳೋ, ನೋಡಿದಳೋ?

ಮೂರನೆಯದು ಹೇಳಿಕೊಳ್ಳಲು ನಾಚಿಕೆ. ಕಂಪ್ಯೂಟರ್ ಶುರುವಾಗುವಾಗ ಒಂದು ಕೀ ಒತ್ತಿ, ಒಳಗಿನ ಒಂದು ಸೆಟ್ಟಿಂಗ್ ಬದಲಿಸಿದ್ದರೆ ಹಳೆ ಸೀಡಿಗೇ ಆ ಡಿಸ್ಕ್ ಕಾಣುತ್ತಿತ್ತೇನೋ ಎಂದು ಆಮೇಲೆ ಒಬ್ಬರು ಹೇಳಿದರು. ಹಾಗಿದ್ದರೆ ಇಡೀ ದಿನದ ಒದ್ದಾಟ ಎರಡು ನಿಮಿಷದ ಕೆಲಸ. ಅದನ್ನು ನಾನು ಪರೀಕ್ಷಿಸಲು ಹೋಗಿಲ್ಲ.

2014ರ ಹೊತ್ತಿಗೆ ನಾನು ಪಿಯು ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದೆ. ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು, ಕೈಯಲ್ಲಿ ನಾಲ್ಕೈದು ವರ್ಷದ ಹುಡುಗಿಯನ್ನು ಹಿಡಿದುಕೊಂಡು, "ಸರ್, ಗುರ್ತ ಸಿಕ್ಕತೇನ್ರಿ?" ಎಂದಳು. ಸುಮಿತ್ರಾ. ಕುಶಲ ಕೇಳುವ ಬದಲು ನಾನು ಕರ್ಚೀಫು ತೆಗೆದು ಬಾಯಿಗೆ ಅಡ್ಡ ಹಿಡಿದು, "ನಿಮ್ಮತ್ತಿ ಹೆಂಗದಾರ್ರಿ?" ಎಂದೆ.

ಅವಳು ಜೋರಾಗಿ ನಕ್ಕಳು. "ಪರೀಕ್ಷಾ ಮಾಡಾಕತ್ತೀರೇನ್ರಿ ಸರ್? ಅತ್ತಿ ಆರಾಮ ಅದಾರ್ರಿ. ಇನ್ನೂ ಒದರ್ತಾರ. ಭಾಳ ಆದ್ರ ನಾನ ಮಷಿನ್ ಸಣ್ಣ ಮಾಡ್ಕೋತೀನಿ."

ಅವತ್ತು ಅತ್ತೆ ಮೊದಲು ಏನು ಹೇಳಿದರು ಎಂದು ಕೇಳಿದೆ. "ಅಳಾಕತ್ತಿದ್ನಿ ಸರ್, ಎಲ್ಲಿ ನೆನಪು?" ಎಂದಳು. ಕೂಸು ಅತ್ತದ್ದು ಕೇಳಿಸುತ್ತಿತ್ತೇ ಎಂದೆ. ಆಸ್ಪತ್ರೆಯಲ್ಲಿ ಮಷಿನ್ ತೆಗೆಸಿದ್ದರಂತೆ, ಮೊದಲ ಅಳು ಕೇಳಲಿಲ್ಲವಂತೆ. "ಮುಂದ ಎಲ್ಲಾ ಕೇಳ್ತ್ರಿ. ಖರೇ ಅನಸಲಿಲ್ಲಂದ್ರ ನಮ್ಮ ವೈನೀನ ಕೇಳ್ರಿ" ಎಂದು ಅಣ್ಣನ ಊರು ಹೇಳಿ, ನಗುತ್ತಲೇ ಬಸ್ಸು ಹತ್ತಿದಳು.

ಅವಳು ಚೇಷ್ಟೆಗೆ ಹೇಳಿದ್ದು. ನಾನು ನಿಜವಾಗಿ ಹೋದೆ. ಮುಂದಿನ ಬೇಸಿಗೆಯಲ್ಲಿ ರಾಯಬಾಗದಲ್ಲಿ ಪರೀಕ್ಷೆ ಕೆಲಸವಿತ್ತು. ಒಂದು ಸಂಜೆ ಆ ಹಳ್ಳಿಗೆ ಹೋಗಿ, ಮನೆ ಕೇಳಿಕೊಂಡು, ವೈನಿಯ, ಅಂದರೆ ಅವಳ ಅತ್ತಿಗೆಯ, ಮುಂದೆ ಕುಳಿತೆ. ಯಾವ ಉತ್ತರ ಬೇಕೆಂದು ಹೇಳದೆ, ಸುಮಿತ್ರಾಳ ಬಾಣಂತನ ಹೇಗಾಯಿತು ಎಂದಷ್ಟೇ ಕೇಳಿದೆ. ಅವರು ಅದನ್ನೂ ಇದನ್ನೂ ಹೇಳುತ್ತ ಇದನ್ನು ಹೇಳಿದರು:

"ಎರಡನೇ ತಿಂಗಳಿನ್ಯಾಗ ಒಂದಿನ ಹೊಲದಿಂದ ಬರಾಕತ್ತಿದ್ನಿ. ಓಣ್ಯಾಗ ಇರುವಾಗ್ಲೇ ಕೂಸ ಅಳೂದ ಕೇಳಸ್ತ್ರಿ. ಮನ್ಯಾಗ ಬ್ಯಾರೆ ಯಾರೂ ಇಲ್ಲ, ಅಯ್ಯೋ ಈಕೀಗಿ ಗೊತ್ತಾಗಿಲ್ಲ ಅಂತ ಓಡಿ ಬಂದ್ನಿ. ಬಂದ್ ನೋಡ್ತೀನಿ, ಕೂಸಿನ್ನ ಎತ್ಕೊಂಡು ನಿಂತಾಳ. ಒಲಿ ಮುಂದ ಕುಂತ ಎರಿಯಾಕ ನೀರ ಕಾಸಾಕತ್ತಿದ್ಲಂತ. ಕೂಸ ಪಡಸಾಲ್ಯಾಗ ತೊಟ್ಟಲದಾಗಿತ್ತು."

ತೊಟ್ಟಿಲು ಎಲ್ಲಿ ಕಟ್ಟಿದ್ದಿರಿ ಎಂದು ಕೇಳಿದೆ. ಪಡಸಾಲೆಯ ತೊಲೆಯಲ್ಲಿ ಕಬ್ಬಿಣದ ಕೊಂಡಿ ತೋರಿಸಿದರು. ಒಲೆಯನ್ನು ಆಮೇಲೆ ಬದಲಿಸಿದ್ದೀರಾ ಎಂದೆ. ಇಲ್ಲ ಎಂದರು. ಅವರ ಅಪ್ಪಣೆ ಕೇಳಿ ಒಳಗೆ ಹೋಗಿ, ಒಲೆಯ ಮುಂದೆ ಕುಳಿತೆ. ಎಡಕ್ಕೆ ಬಗ್ಗಿ ನೋಡಿದೆ, ಬಲಕ್ಕೆ ಬಗ್ಗಿ ನೋಡಿದೆ. ವೈನಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

ನಡುವೆ ಗೋಡೆಯಿದೆ. ಒಲೆಯ ಮುಂದೆ ಕುಳಿತವರಿಗೆ ಆ ಕೊಂಡಿ ಕಾಣುವುದಿಲ್ಲ, ಅದರ ಕೆಳಗಿನ ನೆಲವೂ ಕಾಣುವುದಿಲ್ಲ.