ಮಾಮಾನ ಬಂದೂಕಿಗೆ ನಾನು ಆರಿಸಿದ ತೋಟಾ

"ಅಳಿಯಾ, ಎಲ್ಲಾ ಕೆಲಸಕ್ಕೂ ಬರೋ ತೋಟಾ ಒಂದು ಹೇಳೋ. ಸೋಮವಾರ ಯಾದಗಿರಿಗೆ ಹೋಗಿ ಅರ್ಜಿ ಕೊಡೋದದ."

ಕಳೆದ ಶುಕ್ರವಾರ ಫೋನಿನಲ್ಲಿ ಹೀಗೆ ಕೇಳಿದವರು ಸುರಪುರದ ನಮ್ಮ ಸೋದರಮಾವ. ತೋಟಾ ಅಂದರೆ ನಮ್ಮ ಕಡೆ ಬಂದೂಕಿನ ಕಾಡತೂಸು. ಹುಣಸಗಿ ರಸ್ತೆಯಲ್ಲಿ ಅವರದು ಆರು ಎಕರೆ ಶೇಂಗಾ. ಸಂಜೆಯಾದರೆ ಹಳ್ಳದ ಜಾಲಿಯಿಂದ ಹಂದಿಗಳು ಬಂದು ಸಾಲುಸಾಲನ್ನೇ ಕಿತ್ತು ಹಾಕುತ್ತಿವೆ. ಬೆಳೆ ಕಾಯಲು ಅವರ ಬಳಿ ಲೈಸೆನ್ಸ್ ಇರುವ ಹಳೆಯ ಟ್ವೆಲ್ವ್ ಬೋರ್ ಇದೆ. ಅದನ್ನು ಬಿಟ್ಟು ರೈಫಲ್ ಮಾಡಿಸಬೇಕೆಂಬುದು ಅವರ ಹೊಸ ಹುಕಿ.

(ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಫೋನ್ ಮಾಡಿ ಬೈಯಬೇಡಿ. ಅರಣ್ಯ ಇಲಾಖೆಯ ಕಾಗದವಿಲ್ಲದೆ ಹಂದಿಗೂ ಗುಂಡು ಹಾರಿಸುವಂತಿಲ್ಲ. ಚಿಗರಿ, ಅಂದರೆ ಜಿಂಕೆಯ ತಂಟೆಗೆ ಹೋದರೆ ಜೈಲು. ಮಾಮಾನ ಬಳಿ ಕಾಗದ ಇದೆ.)

ನನ್ನನ್ನು ನೀವು ಬಲ್ಲಿರಿ. ಒಂದು ಮಿಕ್ಸರ್ ಕೊಳ್ಳಲು ಎರಡು ವಾರ ರಿವ್ಯೂ ಓದುವ ಆಸಾಮಿ. ಮೇಲಾಗಿ ಶಹಾಪುರದ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಗುಂಡು ಹಾರುವುದು ನನ್ನ ಸಿಲಬಸ್ಸೇ ತಾನೇ? ಹುಟ್ಟಿದಾಗಿನಿಂದ ಒಂದು ಗುಬ್ಬಿಗೂ ಕಲ್ಲು ಹೊಡೆದವನಲ್ಲ ಎಂಬುದು ಬೇರೆ ಮಾತು.

ಶನಿವಾರವಿಡೀ ಇಂಟರ್ನೆಟ್ಟಿನಲ್ಲಿ ಕೂತು ಟೇಬಲ್ ಹಾಕಿದೆ. ಟ್ವೆಲ್ವ್ ಬೋರಿನ ಸಣ್ಣ ಗುಂಡುಗಳ ಚರೆ ನಲವತ್ತು ಗಜ ದಾಟುವುದರೊಳಗೆ ಚದುರಿ ಸುಸ್ತಾಗುತ್ತದೆ. ನಮ್ಮವರು 'ತೀನ್‌ಸೌ ಪಂದ್ರಾ' ಎನ್ನುವ ಮುನ್ನೂರ ಹದಿನೈದು ಬೋರಿನದು ತೂಕದ ಗುಂಡು, ದೇಶದಲ್ಲೇ ತಯಾರಾಗುತ್ತದೆ. ಆದರೆ ದೂರ ಹೋದಂತೆ ಬೇಗ ಕೆಳಗಿಳಿಯುತ್ತದೆ. ಥರ್ಟಿ ನಾಟ್ ಸಿಕ್ಸ್ ಎಂಬ ಇನ್ನೊಂದು ತೋಟಾ? ವೇಗ ಹೆಚ್ಚು, ಓಟ ನೇರ. ಹಗುರ ಗುಂಡೂ ಸಿಗುತ್ತದೆ, ಭಾರದ್ದೂ ಸಿಗುತ್ತದೆ. ಆಫ್ರಿಕಾದ ಬಯಲಿನಲ್ಲಿ ಜಿಂಕೆಯಿಂದ ಹಿಡಿದು ಎತ್ತಿನ ಗಾತ್ರದ ಪ್ರಾಣಿಯವರೆಗೆ ಇದೊಂದೇ ಸಾಕು ಎನ್ನುತ್ತಾರೆ ಬಲ್ಲವರು. ನಮ್ಮದೂ ಬಯಲೇ ಅಲ್ಲವೇ? ಅದಕ್ಕೇ ನನ್ನ ಓಟು ಹಾಕಿದೆ.

ಭಾನುವಾರ ಸಂಜೆ ಹೊಲದ ಬದುವಿನ ಮೇಲೆ ಕೂತು ತೀರ್ಪು ಓದಿದೆ. "ಇನ್ನೂರು ಗಜದಾಗ ಹಂದಿ ನಿಂತಿದ್ರೂ ಬಿಡಂಗಿಲ್ರಿ ಮಾಮಾ!"

ಮಾಮಾ ಮೀಸೆ ತಿರುವಿದರು. "ಹಂಗಾದ್ರ ಅದನ್ನ ಬರಿ ಅರ್ಜಿಯಾಗ. ನಮ್ದು ಬ್ಯಾಟಿ ಆಡಿದ ಮನೆತನ."

ಕಳೆ ತೆಗೆಯುತ್ತಿದ್ದ ಮಾಮಾನ ಹೆಂಡತಿ, ನಮ್ಮ ಅತ್ತಿ, ಕೈ ಒರೆಸಿಕೊಳ್ಳುತ್ತ ಬಂದರು. "ನಿಮ್ಮ ಮಾಮಾ ಹ್ವಾದ ವರ್ಷ ಹನ್ನೊಂದು ಸಲ ಹೊಡದಾರ. ಎಷ್ಟು ತಾಗ್ಯಾವ ಕೇಳು."

"ಒಂದು ತಾಗ್ಯದಲ್ಲ!" ಎಂದರು ಮಾಮಾ.

"ತಾಗ್ಯದ. ಬಾಜೂ ಹೊಲದ ಸ್ಪ್ರಿಂಕ್ಲರ್ ಪೈಪಿಗೆ."

ನಾನು ಬಿದ್ದು ಬಿದ್ದು ನಕ್ಕೆ. ಅತ್ತಿ ನಗಲಿಲ್ಲ. "ತಮ್ಮಾ, ನೀ ಹೇಳಾಕತ್ತೀಯಲ್ಲ ಆ ಗುಂಡು, ಹಂದಿಗೆ ತಪ್ಪಿತಂದ್ರ ಎಲ್ಲೀತನಾ ಹೋಗ್ತದ?"

ನನಗೆ ಬೇಕಾಗಿದ್ದೂ ಇಂಥದೇ ಪ್ರಶ್ನೆ. "ಮೂರು ಕಿಲೋಮೀಟರ್ ದಾಟ್ತದ ಅತ್ತಿ!" ಎಂದೆ, ಗುಂಡನ್ನು ನಾನೇ ಕಂಡುಹಿಡಿದವನ ಹಾಗೆ.

ಅತ್ತಿ ಹಳ್ಳದ ಕಡೆ ಕೈ ತೋರಿಸಿದರು. ಹಂದಿ ಹೊರಬೀಳುವ ಜಾಲಿಯ ಆಚೆಗೆ, ತೊಗರಿ ಕೊಯ್ದು ಖಾಲಿ ಬಿದ್ದಿದ್ದ ಹೊಲದಲ್ಲಿ ಕುರಿಗಾರರು ಇಳಿದಿದ್ದರು. ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ತರುಬಿಸುವುದು, ಅಂದರೆ ರಾತ್ರಿ ಹೊಲದಲ್ಲೇ ನಿಲ್ಲಿಸುವುದು, ನಮ್ಮಲ್ಲಿ ರೂಢಿ. ಒಂದು ಹೊಲದಲ್ಲಿ ಎರಡು ರಾತ್ರಿ, ಮತ್ತೊಂದರಲ್ಲಿ ಮೂರು. ಬಲೆ ಕಟ್ಟಿದ್ದರು, ಒಲೆಯ ಹೊಗೆ ಏಳುತ್ತಿತ್ತು. ಮೂರು ಕೋಲು ನಿಲ್ಲಿಸಿ ಸೀರೆಯ ಜೋಲಿ ಕಟ್ಟಿ ಒಬ್ಬಾಕೆ ಮಗುವನ್ನು ತೂಗುತ್ತಿದ್ದಳು.

"ನಿನ್ನಿ ಅಲ್ಲಿ ನರಪಿಳ್ಳಿ ಇದ್ದಿಲ್ಲ," ಎಂದರು ಅತ್ತಿ. "ನಾಳಿ ಯಾವ ಹೊಲ ಅಂತ ಅವರಿಗೇ ಗೊತ್ತಿಲ್ಲ. ನಿಂಗ ಗೊತ್ತೇನು?"

ಮೊಬೈಲಿನ ಮ್ಯಾಪಿನಲ್ಲಿ ಅಳೆದೆ. ನಾವು ಕೂತ ಬದುವಿನಿಂದ ಜೋಲಿಗೆ ಆರುನೂರು ಮೀಟರ್. ಅಷ್ಟು ದೂರ ಹೋದ ಮೇಲೂ ಗುಂಡಿನಲ್ಲಿ ಎಷ್ಟು ಕಸುವು ಉಳಿದಿರುತ್ತದೆ ಎಂಬುದು ನನ್ನ ಟೇಬಲ್ಲಿನಲ್ಲೇ ಇತ್ತು. ಅದನ್ನು ಇಲ್ಲಿ ಬರೆಯಲಾರೆ. ನಿಜಕ್ಕೂ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಗುಡ್ಡಗಾಡಿನಲ್ಲಿ ತಪ್ಪಿದ ಗುಂಡಿಗೆ ಗುಡ್ಡವೇ ಅಡ್ಡ ಬರುತ್ತದೆ. ನಮ್ಮ ಎರೆಬಯಲಿನಲ್ಲಿ ಅಡ್ಡ ಬರುವುದು ಏನು? ಕುರಿ, ಕುರಿಗಾರ, ಹತ್ತಿ ಬಿಡಿಸುವ ಹೆಣ್ಣುಮಕ್ಕಳು.

ಮಾಮಾ ಹೇಳಿದರು. "ನಮ್ಮಪ್ಪ ಅಟ್ಟ ಕಟ್ಟಿ ಮ್ಯಾಲಿಂದ ಹೊಡಿತಿದ್ದ. ಹಂದಿಗೆ ಅಂಜ್ಯಾನ ಅಂತ ನಾ ನಗತಿದ್ದೆ. ಗುಂಡು ನೆಲಕ್ಕ ಹೋಗ್ಲಿ ಅಂತ ಹತ್ತತಿದ್ದ ಮುದುಕ." ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಹಳೀ ಬಂದೂಕೇ ಇರ್ಲಿ ಬಿಡು. ಅದನ್ನೇ ರಿನಿವಲ್ ಮಾಡಿಸ್ತೀನಿ. ನಾಳಿಗೇ ಅಟ್ಟ ಕಟ್ಟೋಣು."

'ಎಲ್ಲಾ ಕೆಲಸಕ್ಕೂ ಬರುವ' ವಸ್ತು ಅಂದರೆ ನಮಗೆ ಅದೆಷ್ಟು ಮೋಹ! ಬೈಕು ಎಷ್ಟು ಜೋರು ಓಡುತ್ತೆ ಎಂದು ಕೇಳುತ್ತೇವೆ. ಸೌಂಡ್ ಬಾಕ್ಸ್ ಎಷ್ಟು ಓಣಿಗೆ ಕೇಳಿಸುತ್ತೆ ಎಂದು ಕೇಳುತ್ತೇವೆ. ನಮ್ಮ ವಾಟ್ಸಾಪ್ ಫಾರ್ವರ್ಡು ಎಷ್ಟು ಗ್ರೂಪು ಮುಟ್ಟಿತೆಂದು ಎಣಿಸುತ್ತೇವೆ. ಗುರಿ ತಪ್ಪಿದರೆ ಯಾರಿಗೆ ಬಡಿಯುತ್ತದೆ ಎಂದು ಕೊಳ್ಳುವ ಮೊದಲು ಕೇಳಿದವರನ್ನು ನೀವು ಕಂಡಿದ್ದೀರಾ? ನಾನು ಕಂಡದ್ದು ಒಬ್ಬರನ್ನೇ, ಅದೂ ಕಳೆ ತೆಗೆಯುವ ಕುರ್ಚಿಗಿ ಹಿಡಿದವರನ್ನು.

ಹೊರಡುವಾಗ ಅತ್ತಿ ಒಂದು ಚೀಲ ಹಸಿ ಶೇಂಗಾ ಕೊಟ್ಟು, ಕುರಿಹಟ್ಟಿಗೆ ಮುಟ್ಟಿಸಿ ಹೋಗು ಎಂದರು. ಕೊಟ್ಟೆ. ಜೋಲಿ ತೂಗುತ್ತಿದ್ದ ಆ ತಾಯಿ ಚೀಲ ಇಸಿದುಕೊಂಡು ಆಸೆಯಿಂದ ಕೇಳಿದಳು.

"ಸಾವ್ಕಾರ್ರು ದೊಡ್ಡ ಬಂದೂಕು ತರ್ತಾರಂತಲ್ರಿ? ನಮಗ ತ್ವಾಳದ ಕಾಟ ಭಾಳ ಆಗ್ಯದ. ಅದು ಇಲ್ಲೀತನಾ ಮುಟ್ಟತದೇನ್ರಿ?"

"ಮುಟ್ಟತದವ್ವಾ," ಎಂದೆ. "ಅದಕ್ಕ ಬ್ಯಾಡಂದೀವಿ."