ಕೈಗೆ ಹಾಕುವ ಲಗಾಮು

ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಚಿಲಕವಿಲ್ಲ. ಆ ಕೆಲಸವನ್ನು ಹತ್ತು ವರ್ಷಗಳಿಂದ ಒಂದು ಚರ್ಮದ ಪಟ್ಟಿ ಮಾಡಿಕೊಂಡು ಬಂದಿದೆ: ಮೊಳದುದ್ದ, ಒಳಗೆ ತೆಳ್ಳನೆಯ ಉಕ್ಕಿನ ತಗಡು, ಹೊರಗೆ ಮೂರು ಹಿತ್ತಾಳೆಯ ಬಕ್ಕಲು. ಎಮ್ಮೆ ಅದನ್ನು ಎರಡು ಸಲ ನೆಕ್ಕಿ ನೋಡಿ ಬಿಟ್ಟಿದೆ. ಬಂದವರು ಇದು ಯಾವ ಕುದುರೆಯ ಸಾಮಾನೆಂದು ಕೇಳುತ್ತಾರೆ. ಕುದುರೆಯದಲ್ಲ ಸ್ವಾಮಿ, ಮನುಷ್ಯನದು, ಟೆನಿಸ್ ಆಡುವವನ ಕೈ ತಿದ್ದುವುದಕ್ಕೆಂದು ಮುಂಬಯಿಯಿಂದ ಟಪಾಲಿನಲ್ಲಿ ಬಂದದ್ದು ಎಂದರೆ, ಅವರು ನನ್ನ ಮುಖ ನೋಡಿ, ಮಜ್ಜಿಗೆ ಕುಡಿದು ಎದ್ದುಹೋಗುತ್ತಾರೆ. ನೀವು ಹಾಗೆ ಏಳಬೇಡಿ ಮಿತ್ರರೇ, ಸ್ವಲ್ಪ ಕುಳಿತುಕೊಳ್ಳಿ.

ನಿಜಾಮರ ಆಳ್ವಿಕೆ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ ಕೊಪ್ಪಳ ಸೀಮೆಯ ಒಂದು ಕಚೇರಿಯಲ್ಲಿ ನಾನು ಪೇಶ್ಕಾರನಾಗಿದ್ದೆ, ಎಂದರೆ ಸಾಹೇಬರ ಮುಂದೆ ಕಾಗದ ಹಿಡಿದು ನಿಲ್ಲುವವನು. ಯಾವ ಊರೆಂದು ಕೇಳಬೇಡಿ. ಹೈದರಾಬಾದಿನಿಂದ ಬಂದ ನಮ್ಮ ಸಾಹೇಬರಿಗೆ ಟೆನಿಸ್ ಎಂದರೆ ಪ್ರಾಣ, ಟೆನಿಸಿಗೆ ಮಾತ್ರ ಅವರೆಂದರೆ ಅಷ್ಟಕ್ಕಷ್ಟೆ. ಕಚೇರಿಯ ಹಿಂದೆ ಗರಸು ಮಣ್ಣು ಹಾಕಿ, ಸಗಣಿ ಸಾರಿಸಿ ಅಂಗಳ ಮಾಡಿಸಿದ್ದರು. ನಡುವಿನ ಬಲೆಯನ್ನು ತುಂಗಭದ್ರೆಯ ಬೆಸ್ತರು ಹೆಣೆದುಕೊಟ್ಟಿದ್ದರು. ಸಂಜೆ ನಾಲ್ಕು ಹೊಡೆದರೆ ಗುಮಾಸ್ತರೆಲ್ಲ ಧೋತರದ ಕಚ್ಚೆ ಬಿಗಿದು ಅಲ್ಲಿ ಹಾಜರಿರಬೇಕು. ಯಾವ ಪುಸ್ತಕದಲ್ಲೂ ಇಲ್ಲದ, ಯಾರೂ ತಪ್ಪದ ನಿಯಮ ಒಂದಿತ್ತು: ಸಾಹೇಬರೆದುರು ಕೊನೆಯ ಚೆಂಡು ಬಲೆಗೆ ಬೀಳಬೇಕು. ಸೋಲುವುದರಲ್ಲಿ ನಾವು ಪಡೆದಿದ್ದ ಪಾಂಡಿತ್ಯ ಗೆಲ್ಲುವುದರಲ್ಲಿ ಯಾರಿಗೂ ಬಂದಿರಲಾರದು.

ಇಂಥ ಹೊತ್ತಿನಲ್ಲಿ ಸಾಹೇಬರು ತರಿಸಿದ ಈ ಪಟ್ಟಿ ಬಂತು. ಅಂಗೈಯಿಂದ ಮೊಳಕೈವರೆಗೆ ಕಟ್ಟಿಕೊಂಡರೆ ಬೆರಳುಗಳು ಬ್ಯಾಟಿನ ಹಿಡಿಕೆಯ ಮೇಲೆ ಶಾಸ್ತ್ರೋಕ್ತವಾಗಿ ಕೂರುತ್ತವಂತೆ, ಮಣಿಕಟ್ಟು ಅಪಮಾರ್ಗಕ್ಕೆ ಹೊರಳುವುದಿಲ್ಲವಂತೆ, ಬೀಸು ತಾನೇ ತಾನಾಗಿ ಸುಧಾರಿಸುತ್ತದಂತೆ. ಜೊತೆಗೆ ಬಂದ ಹಾಳೆಯಲ್ಲಿ ಮೀಸೆಯ ದೊರೆಯೊಬ್ಬನ ಎರಡು ಚಿತ್ರಗಳಿದ್ದವು. ಕಟ್ಟುವ ಮುಂಚೆ ಅವನ ಮುಖ ಬಾಡಿತ್ತು, ಕಟ್ಟಿದ ಮೇಲೆ ಅರಳಿತ್ತು. ಚೆಂಡು ಮಾತ್ರ ಎರಡರಲ್ಲೂ ಇರಲಿಲ್ಲ. ಜೋಳದ ರೊಟ್ಟಿ ಬಡಿಯುವ ನಮ್ಮ ಹೆಣ್ಣುಮಕ್ಕಳ ಕೈಗೆ ಯಾವ ಮುಂಬಯಿಯವನು ಪಟ್ಟಿ ಕಟ್ಟಿ ವಿದ್ಯೆ ಕಲಿಸಿದ? ಕೈ ಕಲಿಯುವುದು ಕೆಲಸದಿಂದ. ಬೆವರಿಲ್ಲದೆ ಬರುವ ವಿದ್ಯೆಯನ್ನು ಬಯಸುವವರು ಇರುವವರೆಗೂ ಅದನ್ನು ಕಟ್ಟಿ ಕಳಿಸುವವರೂ ಇರುತ್ತಾರೆ.

ಪಟ್ಟಿ ಕಟ್ಟಿದ ಸಾಹೇಬರ ಕೈ ಒನಕೆಯಂತೆ ಸೆಟೆದು ನಿಂತಿತು. ನಮಗೆ ದಿಗಿಲಾಯಿತು, ಇವರು ಒಂದು ಚೆಂಡನ್ನೂ ಮುಟ್ಟದಿದ್ದರೆ ಆ ಸಿಟ್ಟು ನಾಳೆ ಕಾಗದಪತ್ರಗಳ ಮೇಲೆ ಇಳಿಯುತ್ತದಲ್ಲ ಎಂದು. ಆದ್ದರಿಂದ ಚೆಂಡನ್ನು ಅವರ ಬ್ಯಾಟಿಗೇ ನೈವೇದ್ಯದಂತೆ ಒಯ್ದು ಮುಟ್ಟಿಸತೊಡಗಿದೆವು. ಸಾಹೇಬರು ಹಿಂದೆಂದಿಗಿಂತ ಹೆಚ್ಚು ಗೆದ್ದರು, ಕೀರ್ತಿಯೆಲ್ಲ ಪಟ್ಟಿಗೆ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ನೆಲವನ್ನೇ ಎತ್ತಿ ಹಿಡಿದು ಕುಣಿಸಿದವರು.

ಆ ಕಚೇರಿಯಲ್ಲಿ ಟೆನಿಸ್ ನಿಜವಾಗಿ ಬರುತ್ತಿದ್ದುದು ಒಬ್ಬನಿಗೇ, ಬೇವೂರಿನ ಭೀಮಪ್ಪನಿಗೆ. ಮೂವತ್ತು ದಾಟಿದ ಹಂಗಾಮಿ ಜವಾನ. ಸಜ್ಜೆಯ ಹೊಲದ ಮಂಚಿಕೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತ ಬೆಳೆದವನು; ಕಲ್ಲು ಕೈಬಿಡುವ ಗಳಿಗೆಯಲ್ಲಿ ಮಣಿಕಟ್ಟನ್ನು ಮೆಲ್ಲನೆ ಹೊರಳಿಸುವ ಆ ಚಳಕವೇ ಬ್ಯಾಟಿಗೂ ಇಳಿದಿತ್ತು. ಅವನು ಹೊಡೆದ ಚೆಂಡು ಮೂಲೆಯ ಸುಣ್ಣದ ಗೆರೆಯ ಮೇಲೆ ಬಿದ್ದು ಧೂಳೆಬ್ಬಿಸುವುದನ್ನು ನೋಡಿದಾಗೆಲ್ಲ ನನಗೆ ಸಂತೋಷವಾಗುತ್ತಿತ್ತು. ಹೊಳೆಯಾಚೆಯ ಇಂಗ್ರೇಜಿ ಸೀಮೆಯವರು ಪಂದ್ಯಕ್ಕೆ ಬರುತ್ತಾರೆಂದಾಗ ಸಾಹೇಬರು ಅವನನ್ನು ಕರೆದು, ಗೆದ್ದರೆ ನೌಕರಿ ಕಾಯಂ ಎಂದರು. ಭೀಮಪ್ಪ ಅಂದೇ ಹೆಂಡತಿಗೆ ಹೇಳಿಕಳಿಸಿದ, ಊರಿನ ಮನೆ ಬಿಟ್ಟು ಬರಲು ತಯಾರಾಗೆಂದು.

ಪಂದ್ಯದ ದಿನ ಸಾಹೇಬರು ಆ ಪಟ್ಟಿಯನ್ನು ನನ್ನ ಕೈಗಿತ್ತು, ಭೀಮಪ್ಪನಿಗೆ ಕಟ್ಟಲು ಹೇಳಿದರು. ತಮಗೇ ಇಷ್ಟು ಫಾಯಿದೆ ಮಾಡಿದ್ದು ಅವನಿಗೆ ಎಷ್ಟು ಮಾಡಬೇಡ ಎಂಬುದು ಅವರ ಔದಾರ್ಯ. ಎರಡು ಬಕ್ಕಲು ಬಿಗಿಯುವಷ್ಟರಲ್ಲಿ ಭೀಮಪ್ಪ ಸಣ್ಣ ದನಿಯಲ್ಲಿ ಅಂದ:

"ಇದರಾಗ ಕೈ ಹೊಳ್ಳಂಗಿಲ್ಲರಿ. ನೀವು ಒಂದ್ ಮಾತು ಸಾಹೇಬ್ರಿಗೆ ಹೇಳ್ರಿ. ನಿಮ್ಮ ಮಾತು ಕೇಳ್ತಾರ."

ಕೇಳುತ್ತಿದ್ದರು, ಅದು ನನಗೂ ಗೊತ್ತಿತ್ತು. ಆದರೆ ಪಟ್ಟಿ ಸುಳ್ಳೆಂದರೆ ಸಾಹೇಬರ ಗೆಲುವು ಸುಳ್ಳಾಗುತ್ತಿತ್ತು, ಗೆಲ್ಲಿಸಿದ ನಾವು ಸುಳ್ಳರಾಗುತ್ತಿದ್ದೆವು.

"ಹುಕುಂ ಐತೆಪಾ, ನಾ ಏನ್ ಮಾಡ್ಲಿ" ಎಂದು ಮೂರನೆಯ ಬಕ್ಕಲನ್ನೂ ಬಿಗಿದೆ.

ಮೊದಲ ಚೆಂಡು ಬೇವಿನ ಮರಕ್ಕೆ ಹೋಯಿತು, ಎರಡನೆಯದು ಕಚೇರಿಯ ಮಾಳಿಗೆಗೆ, ಇನ್ನೊಂದು ಹೊಳೆಯಾಚೆಯ ಗುಮಾಸ್ತನೊಬ್ಬನ ರುಮಾಲಿಗೆ. ಆ ಕಡೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಭೀಮಪ್ಪ ನಡುನಡುವೆ ನನ್ನ ಕಡೆ ನೋಡುತ್ತಿದ್ದ, ನಾನು ಮರದ ಕಡೆ ನೋಡುತ್ತಿದ್ದೆ. ಹಳ್ಳಿಯವನ ಕೈಗೆ ಶಾಸ್ತ್ರ ಹತ್ತುವುದಿಲ್ಲ ಎಂದು ಸಾಹೇಬರು ತೀರ್ಪು ಕೊಟ್ಟರು. ಅವನನ್ನು ತೆಗೆದುಹಾಕಿದ ಹುಕುಮನ್ನು ಮರುದಿನ ಬರೆದದ್ದು ನಾನೇ. ಅಕ್ಷರಗಳು ಮುತ್ತಿನಂತೆ ಬಂದವು. ನನ್ನ ಮಣಿಕಟ್ಟಿಗೆ ಯಾವ ಅಡ್ಡಿಯೂ ಇರಲಿಲ್ಲ.

ಊರಿಗೆ ಹೊರಟ ಭೀಮಪ್ಪ, ತನ್ನ ಬಳಿಯೇ ಉಳಿದಿದ್ದ ಪಟ್ಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟ. "ನನ್ನ ಕೈಗೆ ಹೊಂದ್ಲಿಲ್ಲರಿ. ನಿಮ್ಮ ಕೈಗೆ ಹೊಂದ್ತೈತಿ, ನೀವ ಇಟ್ಕೊಳ್ರಿ" ಎಂದು ಕೈಮುಗಿದು ಹೋದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ನೋಯುತ್ತಿರಲಿಲ್ಲ. ಸಾಹೇಬರು ಪಟ್ಟಿಯನ್ನು ಮತ್ತೆ ಕೇಳಲಿಲ್ಲ, ಅದಕ್ಕಿಂತ ಉದ್ದದ್ದೊಂದನ್ನು ತರಿಸಿಕೊಂಡರು.

ಈಗ ಸಾಹೇಬರೂ ಇಲ್ಲ, ಸಂಸ್ಥಾನವೂ ಇಲ್ಲ, ಅಂಗಳದಲ್ಲಿ ಮುಳ್ಳುಕಂಟಿ ಬೆಳೆದಿದೆ. ಇಂದು ಬೆಳಿಗ್ಗೆ ಎಮ್ಮೆಯನ್ನು ಹೊರಬಿಟ್ಟವನು, ಏನನ್ನಿಸಿತೋ, ಪಟ್ಟಿಯನ್ನು ಬಾಗಿಲಿಗೆ ಕಟ್ಟುವ ಬದಲು ನನ್ನ ಬಲಗೈಗೇ ಕಟ್ಟಿಕೊಂಡೆ. ಭೀಮಪ್ಪ ಹೇಳಿದ್ದು ನಿಜ, ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಅದನ್ನು ಕಟ್ಟಿಕೊಂಡು ರೊಟ್ಟಿ ಮುರಿಯಲು ನೋಡಿದೆ, ಆಗಲಿಲ್ಲ. ತಂಬಿಗೆ ಬಗ್ಗಿಸಲು ನೋಡಿದೆ, ನೀರು ಚೆಲ್ಲಿತು. ಬೆನ್ನು ತುರಿಸಿಕೊಳ್ಳಲೂ ಬರಲಿಲ್ಲ. ಕೊನೆಗೆ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೈಯನ್ನು ಹಣೆಗೆ ಎತ್ತಿ ಒಂದು ಸಲಾಮು ಹೊಡೆದೆ. ಅದೊಂದಕ್ಕೆ ಮಾತ್ರ ಪಟ್ಟಿ ಎಲ್ಲಿಯೂ ತಡೆಯಲಿಲ್ಲ.